ನಮ್ಮ ತುಂಬೆ ಹೂವಿಗೊಬ್ಬ ಕಳ್ಳ ಬೇಕಾಗಿದ್ದ

ಕಳ್ಳ ಬರದಿರಲಿ ಎಂದು ಬಾಗಿಲಿಗೆ ಬೀಗ ಹಾಕುವುದು ಎಲ್ಲರೂ ಮಾಡುವ ಕೆಲಸ. ಕಳ್ಳನೊಬ್ಬ ದಯವಿಟ್ಟು ಬರಲಿ ಎಂದು ಕಿಟಕಿಯ ಹಿಂದೆ ಕಾದು ಕುಳಿತವನು ಇಡೀ ಕತ್ರಿಗುಪ್ಪೆಯಲ್ಲಿ ನಾನೊಬ್ಬನೇ ಇರಬೇಕು. ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ಅಂಥ ಕಳ್ಳನನ್ನು ಸಂಪಾದಿಸುವುದು ಎಷ್ಟು ಕಷ್ಟ ಎಂದು ತಿಳಿದರೆ ನೀವೂ ನನ್ನನ್ನು ಮೆಚ್ಚಿಕೊಳ್ಳುತ್ತೀರಿ.

ನಮ್ಮ ರಸ್ತೆಯ ಹೂವಿನ ಕಳ್ಳರು ಬಹಳ ಮರ್ಯಾದಸ್ಥರು. ಬೆಳಗಿನ ವಾಕಿಂಗ್ ನೆಪದಲ್ಲಿ ಸ್ವೆಟರು, ಮಂಕಿ ಕ್ಯಾಪು ಹಾಕಿಕೊಂಡು ಬರುತ್ತಾರೆ. ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದರಲ್ಲಿ ತುದಿಗೆ ಕೊಕ್ಕೆ ಕಟ್ಟಿದ ಕೋಲು. ಕಾಂಪೌಂಡಿನಿಂದ ಆಚೆ ಇಣುಕಿದ ದಾಸವಾಳ, ಕಣಗಿಲೆ ಎಲ್ಲವೂ ಅವರ ಮನೆ ದೇವರಿಗೆ ಸೇರಿದ್ದು. ಪೂಜೆಗೆ ತಾನೇ ಎಂಬ ಧೈರ್ಯದಿಂದ ಕದಿಯುವುದರಿಂದ ಅವರ ಮುಖದಲ್ಲಿ ಅಳುಕು ಇರುವುದಿಲ್ಲ, ಭಕ್ತಿ ಇರುತ್ತದೆ. ಪಕ್ಕದ ಮನೆಯ ಶಾರದಮ್ಮನವರ ದಾಸವಾಳ ದಿನವೂ ಹೀಗೆ ಮಾಯವಾಗುತ್ತಿತ್ತು. "ಇವತ್ತೂ ಒಂದು ಹೂವು ಬಿಟ್ಟಿಲ್ಲ ಕಣ್ರೀ ವಿಶಾಲು" ಎಂದು ಅವರು ಕಾಂಪೌಂಡಿನ ಮೇಲಿಂದ ನನ್ನ ಹೆಂಡತಿಗೆ ವರದಿ ಒಪ್ಪಿಸುವಾಗ, ಮಗ ರ್ಯಾಂಕ್ ಬಂದು ಮನೆಗೆ ನೆಂಟರ ಕಾಟ ಹೆಚ್ಚಾಯಿತು ಎಂದು ಗೋಳಾಡುವ ತಾಯಿಯ ಸಂಕಟ ಅವರದು.

ನಮ್ಮ ತೋಟದ ಕಡೆ ಮಾತ್ರ ಒಬ್ಬನೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ತೋಟ ಎಂದರೆ ಮನೆಯ ಮುಂದೆ ನಾಲ್ಕು ಚಾಪೆ ಹಾಸುವಷ್ಟು ನೆಲ. ಅರ್ಧ ಜಾಗದಲ್ಲಿ ಬದನೆ, ಬೆಂಡೆ, ಹೀರೆ. ಇನ್ನರ್ಧದಲ್ಲಿ ತುಂಬೆ, ಗಣಿಕೆ, ಬೇಲಿಗೆ ಹಬ್ಬಿದ ಶಂಖಪುಷ್ಪ. ತಲಘಟ್ಟಪುರದ ಆಚೆ ಕೆರೆ ಏರಿಯ ಮೇಲೆ ತಮ್ಮ ಪಾಡಿಗೆ ತಾವು ಬೆಳೆದಿದ್ದ ಗಿಡಗಳ ಬೀಜವನ್ನು ಊಟದ ಡಬ್ಬಿಯಲ್ಲಿ ತುಂಬಿಕೊಂಡು ಸ್ಕೂಟರಿನಲ್ಲಿ ತಂದವನು ನಾನು. ಬ್ಯಾಂಕಿನಿಂದ ಬಂದವನು ಷರ್ಟು ಕೂಡ ಬಿಚ್ಚದೆ ಮೊದಲು ಅವುಗಳ ಯೋಗಕ್ಷೇಮ ವಿಚಾರಿಸುತ್ತಿದ್ದೆ. ಗ್ಯಾಸ್ ಸಿಲಿಂಡರ್ ತಂದವನು ಒಮ್ಮೆ ಒಳ್ಳೆಯ ಮನಸ್ಸಿನಿಂದಲೇ, "ಸಾರ್, ಗಿಡಗಂಟಿ ಜಾಸ್ತಿ ಆಗೋಯ್ತು, ತೆಗೆಸಿಬಿಡಿ. ಹಾವು ಗೀವು ಬರುತ್ತೆ" ಎಂದ. ಆ ದಿನ ನನಗೆ ಊಟ ಸೇರಲಿಲ್ಲ.

ವಿಶಾಲುವಿನ ಅಭಿಪ್ರಾಯವೂ ಹೆಚ್ಚು ಕಡಿಮೆ ಅದೇ. "ಖಾಲಿ ಸೈಟಲ್ಲಿ ಬಿಟ್ಟಿ ಬೆಳೆಯೋದಕ್ಕೆ ಅಕ್ಕಿ ತೊಳೆದ ನೀರು ಹಾಕಿ ಸಾಕ್ತೀರಲ್ಲ, ನಿಮಗೇನು ಹೇಳೋದು" ಎನ್ನುತ್ತಿದ್ದಳು. ಯುಗಾದಿಗೆ ಮುಂಚೆ ಎಲ್ಲವನ್ನೂ ಕೀಳಿಸಿ, ಟೈಲ್ಸ್ ಹಾಕಿಸಿ, ಅಚ್ಚುಕಟ್ಟಾಗಿ ನಾಲ್ಕು ಕ್ರೋಟನ್ ಕುಂಡ ಇಡುವುದು ಅವಳ ಯೋಜನೆ. ಟೈಲ್ಸ್ ಮೇಸ್ತ್ರಿ ಒಂದು ಸಲ ಬಂದು ಅಳತೆ ಕೂಡ ತೆಗೆದುಕೊಂಡು ಹೋಗಿದ್ದ. ನಾನು ಮುಖ ಊದಿಸಿಕೊಂಡು ಕುಳಿತದ್ದನ್ನು ನೋಡಿ ಅವಳಿಗೆ ಕನಿಕರ ಹುಟ್ಟಿತೋ ತಮಾಷೆ ಅನ್ನಿಸಿತೋ, ಒಂದು ರಾಜಿಗೆ ಬಂದಳು.

"ಈ ಬೀದೀಲಿ ಎಲ್ಲರ ಮನೆ ಹೂವೂ ಕಳುವಾಗುತ್ತೆ. ಯುಗಾದಿ ಒಳಗೆ ಯಾರಾದ್ರೂ ಒಬ್ರು ನಿಮ್ಮದನ್ನ ಕದ್ಕೊಂಡು ಹೋಗ್ಲಿ ನೋಡೋಣ. ಆಗ ಇದು ತೋಟ ಅಂತ ಒಪ್ಕೋತೀನಿ."

ಅಲ್ಲಿಂದ ನನ್ನ ಕಿಟಕಿ ತಪಸ್ಸು ಶುರುವಾಯಿತು. ಚಳಿ ಹಿಂದೆ ಸರಿದು, ರಸ್ತೆಯ ಹೊಂಗೆ ಮರಗಳು ಚಿಗುರುತ್ತಿದ್ದ ಕಾಲ. ನಮ್ಮ ತುಂಬೆ ಆ ವರ್ಷ ಅರಳಿದ ಹಾಗೆ ಇನ್ನೆಂದೂ ಅರಳಲಿಲ್ಲ. ಗಿಡದ ಗಂಟುಗಂಟಿಗೂ ಅಕ್ಕಿ ಕಾಳಿನಷ್ಟು ಬೆಳ್ಳಗಿನ ಹೂವು, ಅವುಗಳ ಮೇಲೆ ಹಳದಿ ಚಿಟ್ಟೆಗಳು. ನೋಡಿ ನೋಡಿ ನನ್ನ ಎದೆ ಉಬ್ಬುತ್ತಿತ್ತು. ಇಷ್ಟು ಚೆಂದದ್ದನ್ನು ಕದಿಯದೆ ಮುಂದೆ ಹೋಗುವ ಜನರ ಅಭಿರುಚಿಯ ಬಗ್ಗೆ ಬೇಸರವೂ ಆಗುತ್ತಿತ್ತು.

ಶಿವನಿಗೆ ತುಂಬೆ ಎಂದರೆ ಪ್ರೀತಿ. ಹಾಗಾಗಿ ನನ್ನ ಆಸೆಯೆಲ್ಲ ಶಿವರಾತ್ರಿಯ ಮೇಲಿತ್ತು. ಅದು ಹುಸಿಯಾಗಲಿಲ್ಲ. ಹಬ್ಬದ ದಿನ ಬೆಳಗಿನ ಜಾವ ಹಿಂದಿನ ಕ್ರಾಸಿನ ನಿವೃತ್ತ ತಹಶೀಲ್ದಾರರು ನಮ್ಮ ಕಾಂಪೌಂಡಿನ ಬಳಿ ನಿಂತರು. ಆಚೆ ಈಚೆ ನೋಡಿದರು. ಕೋಲನ್ನು ಗೋಡೆಗೊರಗಿಸಿ, ಬಗ್ಗಿ, ಮೊದಲ ತುಂಬೆ ಹೂವನ್ನು ಕಿತ್ತರು. ನನಗಾದ ಸಂತೋಷದಲ್ಲಿ ಬುದ್ಧಿ ಕೈಕೊಟ್ಟಿತು. ಬಾಗಿಲು ತೆಗೆದು ಹೊರಗೆ ಓಡಿಬಿಟ್ಟೆ.

"ತಗೊಳ್ಳಿ ಸಾರ್, ಸಂಕೋಚ ಬೇಡ. ಆ ಕಡೆ ಇನ್ನೂ ಚೆನ್ನಾಗಿ ಬಿಟ್ಟಿದೆ. ಬುಟ್ಟಿ ಕೊಡ್ಲಾ?"

ತಹಶೀಲ್ದಾರರು ಮಂಕಿ ಕ್ಯಾಪನ್ನು ಇನ್ನಷ್ಟು ಕೆಳಗೆಳೆದುಕೊಂಡು, "ಇಲ್ಲ ಇಲ್ಲ, ಸುಮ್ನೆ ನೋಡ್ತಿದ್ದೆ" ಎಂದು ಕಿತ್ತ ಹೂವನ್ನು ಗೋಡೆಯ ಮೇಲಿಟ್ಟು ಹೊರಟೇಹೋದರು. ಹಿಂದೆಯೇ ರಂಗೋಲಿ ಡಬ್ಬಿ ಹಿಡಿದು ನಿಂತಿದ್ದ ವಿಶಾಲು ತೀರ್ಪು ಕೊಟ್ಟಳು. "ನೀವಾಗಿ ಕೊಟ್ರೆ ಅದು ಕಳ್ಳತನ ಹೇಗಾಗುತ್ತೆ? ಸಾಲದ್ದಕ್ಕೆ ಅವರು ತಗೊಂಡೂ ಹೋಗ್ಲಿಲ್ಲ."

ಕೈಗೆ ಬಂದ ಕಳ್ಳನನ್ನು ಉಪಚಾರ ಮಾಡಿ ಓಡಿಸಿದ ನನ್ನನ್ನು ನಾನೇ ಬೈದುಕೊಂಡೆ. ಆಮೇಲೆ ಅವರು ನಮ್ಮ ರಸ್ತೆಯನ್ನೇ ಬಿಟ್ಟರು. ಯುಗಾದಿ ಹತ್ತಿರ ಬಂತು. ಮೇಸ್ತ್ರಿ ಹಬ್ಬದ ಹಿಂದಿನ ದಿನ ಬರುವುದೆಂದು ಗೊತ್ತಾಯಿತು. ಮೇಸ್ತ್ರಿ ಬರಬೇಕಿದ್ದ ಆ ಬೆಳಗ್ಗೆ ನಾನು ಕಿಟಕಿಗೆ ಹೋಗಲಿಲ್ಲ, ಮುಸುಕೆಳೆದು ಮಲಗಿದ್ದೆ. ಅಂಗಳದಿಂದ ವಿಶಾಲುವಿನ ಕೂಗು ಕೇಳಿ ಎದ್ದು ಓಡಿದೆ. ತುಂಬೆ ಪೂರ್ತಿ ಬೋಳು. ಶಂಖಪುಷ್ಪದ ಬಳ್ಳಿಯಲ್ಲಿ ಎಲೆ ಮಾತ್ರ. ಗೋಡೆಯ ಪಕ್ಕದ ಎಳೆ ಬದನೆಕಾಯಿಗಳೂ ಇಲ್ಲ. ಬದನೆಕಾಯಿ ಯಾವ ದೇವರಿಗೆ ಏರಿಸುತ್ತಾರೋ ನನಗೆ ತಿಳಿಯದು.

"ಎಣ್ಣೆಗಾಯಿಗೆ ಅಂತ ಕಣ್ಣಿಟ್ಟು ಕಾಯ್ತಿದ್ದೆ ನನ್ನ ಬದನೆಕಾಯೀನ" ಎಂದಳು. ಆ 'ನನ್ನ' ಎಂಬ ಮಾತು ಕಿವಿಗೆ ಬಿತ್ತು. ಅಷ್ಟರಲ್ಲಿ ಅವಳು ಕಾಂಪೌಂಡಿನ ಬಳಿ ಹೋಗಿ, "ಶಾರದಮ್ಮಾ, ನಮ್ಮನೇಲೂ ಒಂದೂ ಬಿಟ್ಟಿಲ್ಲ ನೋಡ್ರೀ. ಕಾಯಿಪಲ್ಯ ಸಮೇತ" ಎಂದು ಹೇಳುತ್ತಿದ್ದಳು. ದಾಸವಾಳ ಮಾತ್ರ ಕಳೆದುಕೊಂಡಿದ್ದ ಶಾರದಮ್ಮನವರ ಮುಖ ಸಪ್ಪಗಾಯಿತು. ಮೇಸ್ತ್ರಿ ಗೇಟಿನಿಂದಲೇ ವಾಪಸ್ಸು ಹೋದ.

ತೋಟ ಉಳಿಯಿತು. ಆದರೆ ಅಂದಿನಿಂದ ಅದು ವಿಶಾಲುವಿನ ತೋಟ. ಅವಳು ಯಜಮಾನಿ, ನಾನು ಕಾವಲುಗಾರ. ಬೆಳಗಿನ ಜಾವ ಮಫ್ಲರ್ ಸುತ್ತಿಕೊಂಡು ಜಗಲಿಯ ಕುರ್ಚಿಯಲ್ಲಿ ಕುಳಿತು ಕಾಯುವುದು ನನ್ನ ಕೆಲಸ. ಬಹಳ ನಿಷ್ಠೆಯಿಂದ ಮಾಡುತ್ತಿದ್ದೇನೆ. ಈಗ ಮತ್ತೆ ನಮ್ಮ ರಸ್ತೆಗೆ ಬರತೊಡಗಿರುವ ತಹಶೀಲ್ದಾರರ ಕೋಲು ಕಾಂಪೌಂಡಿಗೆ ತಾಗಿದ ಸದ್ದು ಕೇಳಿದ ಕೂಡಲೇ ಕಣ್ಣು ಮುಚ್ಚಿ, ಅವರಿಗೆ ಕೇಳಿಸುವಷ್ಟು ಜೋರಾಗಿ ಗೊರಕೆ ಹೊಡೆಯುತ್ತೇನೆ.