ಅತ್ತೆಯ ಮೂಗಿನ ಆಡಳಿತ

ನಮ್ಮ ಸೋದರತ್ತೆ ಮೈಲಾಪೂರಿನ ತಮ್ಮ ಮನೆಯಲ್ಲೇ ಒಂದು ಕಂಪನಿ ನಡೆಸುತ್ತಿದ್ದರು. ಅದರ ಮ್ಯಾನೇಜಿಂಗ್ ಡೈರೆಕ್ಟರ್ ಅವರ ಮೂಗು! ನಗಬೇಡಿ. ಮಾರಾಟದ ಹುಳಿಪುಡಿ, ಸಾರಿನಪುಡಿಗೆ ಹುರಿಯಲು ಸೆಲ್ವಿಯೂ ಇನ್ನೂ ಮೂವರು ಹೆಂಗಸರೂ ಇದ್ದರು. ಆದರೆ ದೇವರ ಕೋಣೆಯಲ್ಲಿ ಕೂತ ಅತ್ತೆ ಮೂಗರಳಿಸಿ, ಜಪದ ನಡುವೆಯೇ "ಇಳ್ಸೇ!" ಎಂದು ಕೂಗುವವರೆಗೆ ಬಾಣಲೆ ಒಲೆಯಿಂದ ಇಳಿಯುವಂತಿರಲಿಲ್ಲ. ದೇವರೂ ಎಷ್ಟೋ ಸಲ ಬೆಚ್ಚಿಬಿದ್ದಿರಬೇಕು.

ನಾನೋ ಆಗಷ್ಟೇ ಆಫೀಸಿನವರು ಕೊಡಿಸಿದ ತರಬೇತಿ ಮುಗಿಸಿದ್ದೆ. ಒಳ್ಳೆಯ ತಂಡ ಕಟ್ಟುವುದನ್ನು ಏಸಿ ಹೋಟೆಲಿನಲ್ಲಿ ಕಲಿತವನು ಸುಮ್ಮನಿರಲು ಸಾಧ್ಯವೇ?

"ಅತ್ತೆ, ಜವಾಬ್ದಾರಿ ಹಂಚಬೇಕು."

"ಹಂಚಿದೀನಲ್ಲೋ! ಕೆಲಸ ಅವರಿಗೆ, ಜವಾಬ್ದಾರಿ ನಂಗೆ."

ನನ್ನ ಕಾಟ ತಾಳಲಾರದೆ ಒಮ್ಮೆ ತಾಂಬರಂನ ಮದುವೆಮನೆಗೆ ಪುಡಿಯ ಡಬ್ಬಗಳನ್ನು ತಲುಪಿಸುವ ಕೆಲಸವನ್ನು ಸೆಲ್ವಿಗೆ ವಹಿಸಿದರು. "ಪೂರ್ತಿ ನಿಂದೇ, ನಾನು ತಲೆ ಹಾಕಲ್ಲ" ಎಂದರು. ಮೊಬೈಲು ಇನ್ನೂ ದೊಡ್ಡಮನುಷ್ಯರ ಕೈಯಲ್ಲಷ್ಟೇ ಇದ್ದ ಕಾಲ, ಫೋನು ಮಾಡಿ ಪೀಡಿಸುವಂತಿರಲಿಲ್ಲ. ಆದ್ದರಿಂದ ಮುಂದಿನ ಎಲೆಕ್ಟ್ರಿಕ್ ಟ್ರೇನ್ ಹಿಡಿದು ತಾವೇ ಹಿಂದೆ ಹೊರಟರು! ಮದುವೆಮನೆಯ ಉಗ್ರಾಣದೊಳಕ್ಕೆ ಇಣುಕುವಾಗ ಸೆಲ್ವಿಯ ಕೈಗೆ ಸಿಕ್ಕಿಬಿದ್ದರು.

"ಈ ಕಡೆ ಒಂದು ಕೋವಿಲ್ ಇದೆ ಅಂದ್ರು, ದೇವರ ದರ್ಶನಕ್ಕೆ ಬಂದೆ."

ಅತ್ತೆಯ ಮನೆಯಲ್ಲೇ ಕನ್ನಡ ಕಲಿತ ಸೆಲ್ವಿ ಬಿಟ್ಟಾಳೆಯೇ? "ಅಪ್ಪಡಿಯಾ, ಹಾಗಾ ಮಾಮಿ? ಮುಂಚೇನೇ ಹೇಳಿದ್ರೆ ಆ ದೊಡ್ಡ ಡಬ್ಬ ನಿಮ್ಮ ಕೈಲೇ ಕೊಡ್ತಿದ್ದೆ!"

ಹೀಗಿರುವಾಗ ಅತ್ತೆಗೆ ಕೆಟ್ಟ ಜ್ವರ ಬಂತು. ಬಿಟ್ಟುಹೋಗುವಾಗ ವಾಸನೆ ಹಿಡಿಯುವ ಶಕ್ತಿಯನ್ನೂ ಹೊತ್ತುಕೊಂಡು ಹೋಯಿತು. ಕರ್ಪೂರವಿಲ್ಲ, ಕಾಫಿಯಿಲ್ಲ, ಮಲ್ಲಿಗೆಯಿಲ್ಲ! ಅದನ್ನು ನನ್ನೊಬ್ಬನಿಗೇ ಹೇಳಿದರು.

"ಯಾರ ಹತ್ರಾನೂ ಬಾಯಿ ಬಿಡ್ಬೇಡ ಕಣೋ. ಮೂಗೇ ಹೋದ್ಮೇಲೆ ನನ್ನ ಮಾತು ಯಾರು ಕೇಳ್ತಾರೆ? ನವರಾತ್ರಿ ಆರ್ಡರ್ ಬೇರೆ ತಲೆ ಮೇಲಿದೆ. ಒಂದು ಬಾಣಲೆ ಸೀದ್ರೂ ಟ್ರಿಪ್ಲಿಕೇನ್ ಮೆಸ್ಸಿನವರು ಮತ್ತೆ ಇತ್ತ ತಿರುಗಿ ನೋಡಲ್ಲ."

ಇಡೀ ಮನೆಯನ್ನು ನಡುಗಿಸಿದ ಧ್ವನಿ ಅಂದು ತಾನೇ ನಡುಗುತ್ತಿತ್ತು. ಇಂಥದ್ದಕ್ಕೆ ಏನು ಮಾಡಬೇಕೆಂದು ತರಬೇತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ನವರಾತ್ರಿಯ ಪುಡಿಗೆ ಹುರಿಯುವ ದಿನ ನಾನು ರಜೆ ಹಾಕಿ ಹೋದೆ. ಅತ್ತೆ ದೇವರ ಕೋಣೆ ಬಿಟ್ಟು ಒಲೆಯ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತಿದ್ದರು. ಬಾಣಲೆಯಲ್ಲಿ ಮೆಂತ್ಯ. ಕ್ಷಣ ತಪ್ಪಿದರೆ ಕಹಿ. ಅತ್ತೆ ಅಭ್ಯಾಸಬಲದಿಂದ ಮೂಗರಳಿಸಿದರು. ಏನೂ ಸಿಗಲಿಲ್ಲ. ಕಣ್ಣಲ್ಲಿ ಗಾಬರಿ ತುಂಬಿತು.

ಅಷ್ಟರಲ್ಲಿ ಸೆಲ್ವಿ ಇತ್ತ ತಿರುಗದೆಯೇ ಗದರಿದಳು: "ಆಯ್ತು ಮಾಮಿ, ಇಳಿಸ್ತೀನಿ! ಅಷ್ಟು ಜೋರಾಗಿ ಯಾಕೆ ಕೂಗ್ತೀರಿ?"

ಅತ್ತೆ ತುಟಿ ಎರಡು ಮಾಡಿರಲಿಲ್ಲ!

ಉಳಿದ ಹೆಂಗಸರು ಕುಟ್ಟುವ ಸದ್ದಿನಲ್ಲಿ ಮಾಮಿ ಕೂಗಿದ್ದು ತಮಗೇ ಕೇಳಿಸಲಿಲ್ಲವೆಂದುಕೊಂಡು ಸುಮ್ಮನಾದರು. ಸೆಲ್ವಿಗೆ ಹೇಗೆ ತಿಳಿಯಿತು? ನಾನಂತೂ ಬಾಯಿ ಬಿಟ್ಟಿರಲಿಲ್ಲ.

"ಮೊನ್ನೆ ಹಾಲು ಸೀದಾಗ ನಾನು ಬೈಲಿಲ್ಲ," ಎಂದರು ಅತ್ತೆ ನನ್ನತ್ತ ಬಾಗಿ ಮೆಲ್ಲಗೆ. "ಅವತ್ತೇ ಗೊತ್ತಾಗಿರ್ಬೇಕು ಅವಳಿಗೆ."

ಕೊತ್ತಂಬರಿ ಬೀಜ ಬಾಣಲೆಗೆ ಬಿತ್ತು. ಅತ್ತೆ ಮಣೆಯಿಂದ ಎದ್ದರು. ದೇವರ ಕೋಣೆಗೆ ಹೋಗಿ, ಒಲೆಗೆ ಬೆನ್ನು ಹಾಕಿ ಕೂತು ಜಪಮಾಲೆ ಕೈಗೆತ್ತಿಕೊಂಡರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಸೆಲ್ವಿಯ ದನಿ ಕೇಳಿತು:

"ಮಾಮಿ, ಕೂಗಿದ್ರಾ?"

ಅತ್ತೆಯ ಕೆನ್ನೆ ಒದ್ದೆಯಾಗಿತ್ತು. ಅವರು ತಿರುಗಿ ನೋಡಲಿಲ್ಲ.

"ಹೂಂ ಕಣೇ, ಕೂಗ್ದೆ. ಇಳ್ಸು."