ಭದ್ರಾವತಿಯ ಹೆಸರಿನಲ್ಲಿ ಒಂದು ಸಾಲು

ತಾನು ಬರೆದ ಪ್ರೋಗ್ರಾಮಿಗೆ ಗೊತ್ತಿಲ್ಲದ ಊರು ಭೂಮಿಯ ಮೇಲೆ ಇರಬಾರದೆಂಬ ಹಟಕ್ಕೆ ಬಿದ್ದು ವಿಶ್ವಾರಾಧ್ಯರು ಒಂದೇ ಒಂದು ಸಾಲು ಸುಳ್ಳು ಟೈಪ್ ಮಾಡಿದರು. ಆಮೇಲೆ ನಡೆದದ್ದಕ್ಕೆಲ್ಲ ಆ ಸಾಲೇ ಕಾರಣ.

ಎರಡು ಸಾವಿರದ ಆರನೇ ಇಸವಿಯ ಮಾತು. ವಿನೋಬನಗರದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ವಿಶ್ವಾರಾಧ್ಯರಿಗೆ ಟಿ.ವಿ.ಯಲ್ಲಿ ಬರುವ ಮಿಕ್ಸೆಡ್ ಮಾರ್ಷಲ್ ಆರ್ಟ್ಸಿನ ಹುಚ್ಚು. ಪಂಜರದೊಳಗೆ ಇಬ್ಬರು ಗುದ್ದಿ, ಒದ್ದು, ಕತ್ತು ಹಿಚುಕುವುದನ್ನು ಅವರು ಮಂಡಕ್ಕಿ ಮೆಲ್ಲುತ್ತ ನೋಡಿ, ಅಲ್ಲಿ ಮೊಣಕೈ ಹಾಕಬೇಕಿತ್ತು, ಇಲ್ಲಿ ಕಾಲು ಕೊಡಬೇಕಿತ್ತು ಎಂದು ಟಿ.ವಿ.ಗೆ ಬುದ್ಧಿ ಹೇಳುತ್ತಿದ್ದರು. ಸ್ವತಃ ಗ್ಯಾಸ್ ಸಿಲಿಂಡರ್ ಉರುಳಿಸಬೇಕಾದರೆ ಪಕ್ಕದ ಮನೆಯವರನ್ನು ಕರೆಯುವಷ್ಟು ಶೂರರು. ಇಂಥವರು ಆರು ತಿಂಗಳು ಕೂತು, ಲೋಕದಲ್ಲಿ ನಡೆಯುವ ಅಂಥ ಪಂದ್ಯಗಳ ವಿವರವನ್ನೆಲ್ಲ ಇಂಟರ್‌ನೆಟ್ಟಿನಿಂದ ಹೆಕ್ಕಿ, ಒಂದು ಪ್ರೋಗ್ರಾಮ್ ಬರೆದಿದ್ದರು. ಊರಿನ ಹೆಸರು ಕೊಟ್ಟರೆ ಸಾಕು. ಯಾವ ದಿನ, ಎಷ್ಟು ಹೊತ್ತಿಗೆ, ಯಾರ ಮೇಲೆ ಯಾರು ಎಂದು ಪರದೆಯ ಮೇಲೆ ಬರುತ್ತಿತ್ತು. ಇಡೀ ಶಿವಮೊಗ್ಗದಲ್ಲಿ ಅದು ಬೇಕಾಗಿದ್ದವರು ಒಬ್ಬರೇ, ಅದನ್ನು ಬರೆದವರು.

ಎದುರು ಮನೆಯ ಷಣ್ಮುಖಪ್ಪ, ನಿವೃತ್ತ ಸರ್ವೇಯರ್, ಒಂದು ಗುರುವಾರ ಅದನ್ನು ನೋಡಲು ಬಂದರು. ಊರವರ ಜಮೀನು ಅಳೆಯುವುದು ನಿಂತ ಮೇಲೆ ಊರವರ ವಿಷಯ ಅಳೆಯುವುದೇ ಅವರಿಗೆ ಕಸುಬು. ವಿಶ್ವಾರಾಧ್ಯರು ಟೋಕಿಯೊ ತೋರಿಸಿದರು, ಲಾಸ್ ವೇಗಸ್ ತೋರಿಸಿದರು. ಷಣ್ಮುಖಪ್ಪ ಆಕಳಿಸಿ, ತಮ್ಮ ಹೆಂಡತಿಯ ತವರಾದ ಭದ್ರಾವತಿ ಹೊಡೆಯಲು ಹೇಳಿದರು. ಪರದೆ ಖಾಲಿ ಬಂತು.

"ಇಷ್ಟು ಹತ್ರದ್ದೇ ಗೊತ್ತಿಲ್ಲ. ಇನ್ನು ಅಮೆರಿಕದ್ದು ಏನು ಗೊತ್ತಿರುತ್ತೆ ಮೇಷ್ಟ್ರೆ ಇದಕ್ಕೆ?" ಎಂದು ಅವರು ಕಾಫಿ ಕುಡಿಯಲು ಒಳಗೆ ಹೋದರು.

ಮೇಷ್ಟ್ರಿಗೆ ಚೇಳು ಕುಟುಕಿದಂತಾಯಿತು. ಷಣ್ಮುಖಪ್ಪ ಬರುವಷ್ಟರಲ್ಲಿ ಭದ್ರಾವತಿ, ಭಾನುವಾರ, ಸಂಜೆ ನಾಲ್ಕು ಗಂಟೆ ಎಂದು ಒಂದು ಸಾಲು ತುಂಬಿದರು. ಕಾದಾಡುವ ಇಬ್ಬರ ಹೆಸರು ಬೇಕಿತ್ತು. ಮೊದಲು ತಮ್ಮದೇ ಹೆಸರು ಹಾಕಿಕೊಂಡರು. ಕಿಟಕಿಯಾಚೆ ಮೆಕ್ಯಾನಿಕ್ ಹಯಾತ್ ಒಂದು ಸ್ಕೂಟರನ್ನು ಕರುವಿನಂತೆ ಎತ್ತಿ ಬದಿಗಿಡುತ್ತಿದ್ದ, ಎರಡನೆಯ ಹೆಸರು ಅವನದಾಯಿತು. ವಾಪಸು ಬಂದ ಷಣ್ಮುಖಪ್ಪ ತೆರೆದ ಬಾಯಿ ಮುಚ್ಚದೆ ಅದನ್ನು ಓದಿ, ಪ್ರಿಂಟ್ ತೆಗೆಸಿಕೊಂಡು, ಮಡಚಿ ಜೇಬಿಗಿಟ್ಟುಕೊಂಡು ಹೋದರು. ವಿಶ್ವಾರಾಧ್ಯರು ಗೆದ್ದೆನೆಂದು ಬೀಗಿದರು.

ಭಾನುವಾರ ಬೆಳಿಗ್ಗೆ ಭದ್ರಾವತಿಯ ಒಬ್ಬ ಶಿಷ್ಯ ಫೋನ್ ಮಾಡಿ, ಮೇಷ್ಟ್ರ ಕುಸ್ತಿಯ ವಿಷಯವನ್ನು ಆಟೋದಲ್ಲಿ ಮೈಕ್ ಕಟ್ಟಿ ಸಾರುತ್ತಿದ್ದಾರೆ, ಕ್ಲಾಸಿನವರೆಲ್ಲ ಬರುತ್ತಿದ್ದಾರೆ ಎಂದ. ಫೋನ್ ಇಡುವ ಮೊದಲೇ ಷಣ್ಮುಖಪ್ಪ ಇಸ್ತ್ರಿ ಮಾಡಿದ ಶಲ್ಯ ಹೊದ್ದು ಬಾಗಿಲಲ್ಲಿ ನಿಂತಿದ್ದರು. ಅವರ ಭಾವಮೈದುನ ಉಜ್ಜನಪ್ಪ ಭದ್ರಾವತಿಯಲ್ಲಿ ಗರಡಿಮನೆಯ ಉಸ್ತಾದ್, ಆ ಪ್ರಿಂಟ್ ಅವನ ಕೈ ಸೇರಿತ್ತು. ಜನವಿಲ್ಲದೆ ಒಣಗುತ್ತಿದ್ದ ಅವನ ಅಖಾಡಕ್ಕೆ ಕಂಪ್ಯೂಟರಿನಲ್ಲೇ ಬಂದ ಪಂದ್ಯ ಎಂದರೆ ಕೇಳಬೇಕೆ? ಹಳೆಯ ಮಣ್ಣು ಅಗೆದು ಅರಿಶಿನ, ಎಣ್ಣೆ ಬೆರೆಸಿ ಸಿದ್ಧ ಮಾಡಿದ್ದ.

ಅದು ಸುಮ್ಮನೆ ಪರೀಕ್ಷೆಗೆ ತುಂಬಿದ ಸಾಲು ಎಂದು ವಿಶ್ವಾರಾಧ್ಯರು ತೊದಲಿದರು.

"ಅಂದ್ರೆ ನಿಮ್ ಕಂಪ್ಯೂಟರ್ ಸುಳ್ಳು ಹೇಳುತ್ತಾ?" ಎಂದರು ಷಣ್ಮುಖಪ್ಪ. ಅಂಗಳದಲ್ಲಿ, ಮಕ್ಕಳನ್ನು ಕ್ಲಾಸಿಗೆ ಸೇರಿಸಲು ಬಂದಿದ್ದ ನಾಲ್ಕಾರು ಹೆತ್ತವರು ಕಿವಿ ನಿಮಿರಿಸಿದರು. ಹೌದೆಂದರೆ ಜೂನ್ ತಿಂಗಳಲ್ಲಿ ಬೆಂಚುಗಳಷ್ಟೇ ಉಳಿಯುತ್ತವೆ.

"ಇಲ್ಲ, ಇಲ್ಲ. ಪಂದ್ಯ ಇದೆ," ಎಂದುಬಿಟ್ಟರು ಮೇಷ್ಟ್ರು.

ಅಲ್ಲಿಂದ ಬೀದಿಯ ಉಪಕಾರ ಶುರುವಾಯಿತು. ಒಬ್ಬರು ಬಾಳೆಹಣ್ಣಿನ ಚಿಪ್ಪನ್ನೇ ತಂದು ಎದುರು ಕೂತು ತಿನ್ನಿಸಿದರು. ಇನ್ನೊಬ್ಬರು ಹರಳೆಣ್ಣೆ ಹಚ್ಚಿದರು. ಪುಸ್ತಕ ನೋಡಿ ಯೋಗ ಕಲಿತಿದ್ದ ಮೂರನೆಯವರು ಕತ್ತಿನ ನರ ಸಡಿಲ ಮಾಡುವುದಾಗಿ ಹಿಡಿದು ತಿರುಗಿಸಿದರು. ಕತ್ತು ಎಡಕ್ಕೆ ಹೋಯಿತು, ವಾಪಸು ಬರಲಿಲ್ಲ. ಹೆಂಡತಿ ಬಸವರಾಜೇಶ್ವರಿ ಬಾಗಿಲಿಗೆ ಬಂದು, "ಸಂಜೆ ಬರ್ತಾ ಕಾಯಿ ತರ್ತೀರಾ, ಇಲ್ಲ ನಾನೇ ಹೋಗ್ಲಾ?" ಎಂದಷ್ಟೇ ಕೇಳಿದಳು.

ಹಯಾತನಿಗೂ ಸುದ್ದಿ ಮುಟ್ಟಿತ್ತು. ಅವನೇನೂ ಸಿಟ್ಟಾಗಲಿಲ್ಲ. ಮೇಷ್ಟ್ರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಭದ್ರಾವತಿ ರಸ್ತೆ ಹಿಡಿದ. ದಾರಿಯುದ್ದಕ್ಕೂ ಮೇಷ್ಟ್ರು ಎಡಗಡೆಯ ಗದ್ದೆಗಳನ್ನೇ ನೋಡುತ್ತ ಗೋಗರೆದರು. ಕ್ಲಾಸಿನ ಹುಡುಗರೆಲ್ಲ ಬಂದಿರುತ್ತಾರೆ, ಅವರೆದುರು ಬಿದ್ದರೆ ನಾಳೆ ಪಾಠ ಹೇಳುವುದು ಹೇಗೆ, ನೀನೇ ಬಿದ್ದುಬಿಡು ಎಂದರು.

ಹಯಾತ್ ಸ್ಕೂಟರಿನ ವೇಗ ತಗ್ಗಿಸಿದ. "ಗೆಲ್ಲಲೇಬೇಕಾ ಸಾರ್? ನೋಡಿ, ಯೋಚ್ನೆ ಮಾಡಿ."

"ಗೆಲ್ಲಲೇಬೇಕು ಮಾರಾಯ."

"ಆಯ್ತು. ಬೀಳ್ತೀನಿ."

ಅಖಾಡದ ಸುತ್ತ ಮುನ್ನೂರು ಜನ. ಪಂಜರ ಎಲ್ಲಿ ಎಂದು ಯಾರೋ ಕೇಳಿದ್ದಕ್ಕೆ ಉಜ್ಜನಪ್ಪ ಕೋಳಿಗೂಡಿನ ಜಾಲರಿ ತಂದು ಸುತ್ತಲೂ ಬಿಗಿಸಿ, ಹೊರಗಿನಿಂದ ಚಿಲಕ ಹಾಕಿಸಿದ್ದ. ಮೇಷ್ಟ್ರು ಚಡ್ಡಿಯಲ್ಲಿ ಕಂಡಾಗ ಶಿಷ್ಯರು ಸೀಟಿ ಹೊಡೆದರು. ಎದುರಾಳಿಯನ್ನು ಕಣ್ಣೆತ್ತಿಯೂ ನೋಡದೆ ಎಡಕ್ಕೆ ಮುಖ ತಿರುಗಿಸಿ ನಿಂತ ಅವರ ಠೀವಿ ಕಂಡು ಮುದುಕರೂ ತಲೆದೂಗಿದರು. ಹಯಾತ್ ತೊಡೆ ತಟ್ಟಿ ಮುಂದೆ ಬಂದ. ಮೇಷ್ಟ್ರು ಅಂದಾಜಿನ ಮೇಲೆ ಕೈ ಚಾಚಿದರು. ಬೆರಳ ತುದಿ ಅವನ ಭುಜಕ್ಕೆ ತಾಗಿತೋ ಇಲ್ಲವೋ, ಹಯಾತ್ ಬೇರು ಕಡಿದ ತೇಗದ ಮರದಂತೆ ಅಂಗಾತ ಮಲಗಿದ.

ಜನ ಹುಚ್ಚೆದ್ದು ಕೂಗಿದರು. ಷಣ್ಮುಖಪ್ಪ ಶಲ್ಯ ತೆಗೆದು ಬೀಸಿದರು. ವಿಶ್ವಾರಾಧ್ಯರಿಗೆ ತಾವು ನಿಜವಾಗಿಯೂ ಗೆದ್ದೆವೇನೋ ಎಂಬ ಗುಮಾನಿಯೇ ಬಂದು ಎದೆ ಉಬ್ಬಿತು. ಜಾಲರಿಯ ಚಿಲಕ ತೆಗೆದು ಹಯಾತನನ್ನು ಹೊರಗೆ ಬಿಟ್ಟರು. ಮೇಷ್ಟ್ರೂ ಹಿಂದೆಯೇ ಹೊರಟರು. ಚಿಲಕ ಮತ್ತೆ ಬಿತ್ತು.

ಉಜ್ಜನಪ್ಪ ಮೈಕ್ ಹಿಡಿದಿದ್ದ. ಸೋತವನು ಮನೆಗೆ, ಗೆದ್ದವನು ಮುಂದಿನ ಜೋಡಿಗೆ. ತನ್ನ ಗರಡಿಯ ರಿವಾಜು ಇದೇ ಎಂದು ಸಾರಿದ. ಇವತ್ತು ಇನ್ನೂ ಐದು ಜೋಡಿ ಇವೆ ಎಂದ.

ಹಯಾತ್ ಜಾಲರಿಯಾಚೆ ಕೂತು ಬಾದಾಮಿ ಹಾಲಿನ ಲೋಟ ಹಿಡಿದಿದ್ದ. ಈ ರಿವಾಜು ನಿನಗೆ ಗೊತ್ತಿತ್ತೇನೋ ಎಂದು ಮೇಷ್ಟ್ರು ಅಳುವ ದನಿಯಲ್ಲಿ ಕೇಳಿದರು.

"ನಮ್ ದಾದಾ, ಅಪ್ಪನ ಅಪ್ಪ, ಇಲ್ಲೇ ಪೈಲ್ವಾನ್ ಆಗಿದ್ರು ಸಾರ್," ಎಂದ ಹಯಾತ್. "ನೀವೇ ಬೀಳ್ತೀನಿ ಅಂದಿದ್ರೆ ನಂಗೆ ಕಷ್ಟ ಆಗ್ತಿತ್ತು."

ಅಷ್ಟರಲ್ಲಿ ಎರಡನೇ ಜೋಡಿಯ ಹಾಲಸ್ವಾಮಿ ಒಳಗೆ ಬಂದ. ಕಬ್ಬಿಣದ ಕಾರ್ಖಾನೆಯ ಕೆಲಸಗಾರ. ಎಂಟು ವರ್ಷದಿಂದ ಸೋತಿಲ್ಲದ ಆಳು, ಬೀರುವಿನಷ್ಟು ಅಗಲ. ಇವರು ಪಾಠ ಹೇಳುವ ಮೇಷ್ಟ್ರು ಎಂದು ಯಾರೋ ಅವನಿಗೆ ಹೇಳಿದ್ದರು. ವಿದ್ಯೆಯ ಮೇಲೆ ಬಹಳ ಭಕ್ತಿಯಿದ್ದ ಹಾಲಸ್ವಾಮಿ ಬಗ್ಗಿ, ಎರಡೂ ಕೈಯಿಂದ ಅವರ ಪಾದ ಹಿಡಿದು ಕಣ್ಣಿಗೊತ್ತಿಕೊಂಡ.

ಮತ್ತೆ ಆ ಪಾದಗಳನ್ನು ಅವನು ನೆಲಕ್ಕೆ ತಾಗಲು ಬಿಡಲಿಲ್ಲ.