ಎರಡನೆಯ ಮಣೆ

ಚದುರಂಗದಲ್ಲಿ ಯಾವತ್ತೂ ಸೋಲದಿದ್ದದ್ದೇ ಈರಭದ್ರಪ್ಪನಿಗೆ ಮುಳುವಾಯಿತು. ಅಜ್ಜಂಪುರದಲ್ಲಿ ಅವನ ಕೈಲಿ ಸೋಲದವರು ಉಳಿದಿರಲಿಲ್ಲ. ಸೋತವರು ಯಾರೂ ತಿರುಗಿ ಬರುತ್ತಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ, ಕೊಬ್ಬರಿ ಅಂಗಡಿ ಮುಚ್ಚಿ ಮನೆಗೆ ಬಂದರೆ ಅವನೊಡನೆ ಮಾತಾಡುತ್ತಿದ್ದದ್ದು ಒಲೆಯ ಮೇಲೆ ಕುದಿಯುವ ಅನ್ನದ ತಪ್ಪಲೆಯೊಂದೇ.

ಆ ದಿನ, ಕಂದಾಯ ವಸೂಲಿಗೆ ಹೊಸದಾಗಿ ವರ್ಗವಾಗಿ ಬಂದಿದ್ದ ಶೇಕ್ದಾರ್ ರಂಗಯ್ಯನವರು ಅಂಗಡಿಗೇ ಬಂದು, "ಸಂಜೆ ಒಂದಾಟ ಆಡೋಣವೇ?" ಎಂದು ಕೇಳಿದರು. ಈರಭದ್ರಪ್ಪ ಮಧ್ಯಾಹ್ನವೇ ಅಂಗಡಿ ಬಾಗಿಲು ಹಾಕಿದ. ಎದುರಾಳಿ ಕೂರಲೆಂದು ಅಟ್ಟದಿಂದ ಎರಡನೆಯ ಮಣೆ ಇಳಿಸಿ ತೊಳೆದ. ಕಡಲೆಕಾಯಿ ಹುರಿದ; ಅರ್ಧ ಸೀದುಹೋಯಿತು. 'ಇವರ ಕೈಲಿ ಸೋತುಬಿಡಬೇಕು. ಗೆದ್ದವರು ನಾಳೆಯೂ ಬರುತ್ತಾರೆ' ಎಂದುಕೊಂಡ.

ಸಂಜೆ ಮನೆಯ ಜಗಲಿಯಲ್ಲಿ ಆಟ ಶುರುವಾದೊಡನೆ ತಿಳಿಯಿತು, ಶೇಕ್ದಾರರು ಕುದುರೆಯನ್ನು ಎಮ್ಮೆಯ ಹಾಗೆ ಮೇಯಲು ಬಿಡುವವರು. ಇಂಥವರಿಗೆ ಸೋಲುವುದೇನು ಸುಲಭವೇ? ಸಾಲದ್ದಕ್ಕೆ ಪಕ್ಕದ ಮನೆಯ ಕೆಂಚಪ್ಪ ಬಂದು ಕೂತಿದ್ದ. ಆ ಊರ ಜಗಲಿಯಲ್ಲಿ ಕಾಯಿಯಿಂದ ಕೈ ಎತ್ತುವ ತನಕ ನಡೆ ಬದಲಿಸಬಹುದಿತ್ತು, ನೋಡುವವರು ಹೇಳಿಕೊಡಲೂಬಹುದಿತ್ತು.

ಈರಭದ್ರಪ್ಪ ಮಂತ್ರಿಯನ್ನು ಶತ್ರುವಿನ ಬಾಯಿಗೆ ಇಡಹೋದ. ಕೆಂಚಪ್ಪ ಅವನ ಕೈಯನ್ನೇ ಹಿಡಿದುಬಿಟ್ಟ.

"ಅಣ್ಣೋ, ಮಂತ್ರಿ ಹೋಯ್ತದೆ!"

"ಹೋಗ್ಲಿ ಬಿಡೋ."

"ಹೋಗ್ಲಿ ಅಂದ್ರೆ? ಊರ ಮಾನ ಐತೆ ಕಣಣ್ಣ!"

ಎದುರು ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ದ್ಯಾಮಮ್ಮನೂ, "ಕಣ್ಣು ಮಂಜಾಯ್ತೇನಪ್ಪಾ?" ಎಂದು ಕನಿಕರಪಟ್ಟಳು.

ಕೊನೆಗೆ ಈರಭದ್ರಪ್ಪ, "ಲೇ ಕೆಂಚಪ್ಪ, ನಿನ್ನೆಮ್ಮೆ ಹಗ್ಗ ಕಿತ್ಕೊಂಡು ಠೇಸನ್ ಕಡೆ ಹೊಂಟೈತೆ!" ಎಂದ. ಕೆಂಚಪ್ಪ ಪಂಚೆ ಎತ್ತಿಕಟ್ಟಿ ಓಡಿದ. ಅಷ್ಟರಲ್ಲಿ ಈರಭದ್ರಪ್ಪ ಆನೆ, ಮಂತ್ರಿ ಎರಡನ್ನೂ ಧಾರಾಳವಾಗಿ ಕೊಟ್ಟು, ರಾಜನನ್ನು ಕೈಹಿಡಿದು ಶತ್ರುಗಳ ನಡುವೆ ಬಿಟ್ಟುಬಂದ. ಆದರೂ ತಾವು ಗೆದ್ದದ್ದು ತಿಳಿಯಲು ಶೇಕ್ದಾರರಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಗೆದ್ರಿ ಸ್ವಾಮಿ! ನಾಳೇನೂ ಬರಬೇಕು."

ರಂಗಯ್ಯನವರ ಮುಖ ಸಪ್ಪಗಾಯಿತು. ಪೇಟವನ್ನು ತಲೆಗಿಟ್ಟುಕೊಂಡರು. "ಬೇಜಾರು ಮಾಡ್ಕೋಬೇಡಿ. ನಾನು ಇದುವರೆಗೂ ಒಂದಾಟವನ್ನೂ ಗೆದ್ದವನಲ್ಲ. ಸೋಲದವರೊಬ್ಬರು ಇದ್ದಾರೆ, ದಿನಾ ಸಂಜೆ ಬಂದು ಕಲಿಯೋಣ ಅಂತ ಆಸೆಯಿತ್ತು. ನನ್ನ ಕೈಲೇ ಸೋತಿರಲ್ಲ, ಏನು ಕಲಿಸ್ತೀರಿ? ಬೀರೂರಿನಲ್ಲಿ ಯಾರೋ ಇದ್ದಾರಂತೆ, ನೋಡ್ತೀನಿ."

ಅವರು ತಿರುವಿನಲ್ಲಿ ಮರೆಯಾದರು. ಕೆಂಚಪ್ಪ ಏದುಸಿರು ಬಿಡುತ್ತ ಬಂದ. "ಎಮ್ಮೆ ಕೊಟ್ಟಿಗೇಲೇ ಐತಲ್ಲಣ್ಣ!" ಎಂದವನು ಚದುರಂಗದ ಹಾಸಿನ ಮೇಲೆ ಸಿಕ್ಕಿಬಿದ್ದ ರಾಜನನ್ನು ನೋಡಿದ.

"ಕೂತ್ಕೋ ಕೆಂಚಪ್ಪ. ನಾನೂ ಸೋಲ್ತೀನಿ, ನೋಡಿದ್ಯಲ್ಲ. ಒಂದಾಟ ಆಡೋಣ."

"ಹೊರಗಿನೋರ ಮುಂದೆ ಊರ ಮಾನ ಕಳೆದೋರ ಜೊತೆ ಆಟವಾ? ಬ್ಯಾಡ ಬಿಡಣ್ಣ."

ಈರಭದ್ರಪ್ಪ ಕಾಯಿಗಳನ್ನು ಮತ್ತೆ ಜೋಡಿಸಿದ. ತೊಳೆದ ಮಣೆಯನ್ನು ಅಟ್ಟಕ್ಕೆ ಹಾಕಲು ಮನಸ್ಸಾಗಲಿಲ್ಲ. ಒಂದು ನಡೆ ನಡೆಸಿ, ಎದ್ದು ಸುತ್ತಿ ಬಂದು ಆ ಮಣೆಯ ಮೇಲೆ ಕೂತು, ಅದಕ್ಕೆ ಎದುರು ನಡೆ ನಡೆಸಿದ.

"ಯಾರಪ್ಪಾ ಗೆಲ್ತಾವ್ರೆ?" ಎಂದಳು ದ್ಯಾಮಮ್ಮ.

"ಈ ಕಡೆಯವರನ್ನೇ ಗೆಲ್ಲಿಸ್ತಾ ಇದೀನಿ ಕಣಮ್ಮ," ಎಂದ ಈರಭದ್ರಪ್ಪ. "ನಾಳೇನೂ ಬರಬೇಕಲ್ಲ."